ಹಾಡು ಒಬ್ಬನದು, ಹೆಸರು ಇನ್ನೊಬ್ಬನದು

ಕನ್ನಡ ಕೂಟದ ಸ್ಮರಣ ಸಂಚಿಕೆಯಲ್ಲಿ ಹಿಪ್ ಹಾಪ್ ಕುರಿತ ಲೇಖನವೇ ಎಂದು ನಮ್ಮ ಹಿರಿಯರಲ್ಲಿ ಕೆಲವರಾದರೂ ಹುಬ್ಬೇರಿಸದೆ ಇರಲಾರರು. ನಮ್ಮಲ್ಲಿ ಬಹುಪಾಲು ತಂದೆತಾಯಿಗಳಿಗೆ ರ‍್ಯಾಪ್ ಎಂದರೆ ಮಕ್ಕಳ ಕೋಣೆಯಿಂದ ಕೇಳಿಬರುವ ಗದ್ದಲ, "ಸ್ವಲ್ಪ ಸಣ್ಣದಾಗಿ ಇಡೋ" ಎಂದು ಗದರಿಸುವುದಕ್ಕೆ ಒಂದು ಕಾರಣ, ಅಷ್ಟೆ. ಆದರೆ ನಾವು ಬಂದು ನೆಲೆಸಿದ ಈ ದೇಶದ ಒಂದು ಬಡ ಕೇರಿಯಲ್ಲಿ, ವಾದ್ಯ ಕೊಳ್ಳಲು ಕಾಸಿಲ್ಲದ ಹುಡುಗರು ಮಾತನ್ನೇ ವಾದ್ಯವನ್ನಾಗಿ ಮಾಡಿಕೊಂಡು ಕಟ್ಟಿದ ಕಲೆ ಇದು. 2023ರಲ್ಲಿ ಅದಕ್ಕೆ ಐವತ್ತು ವರ್ಷ ತುಂಬಿತು. ಐವತ್ತು ವರ್ಷ ಬಾಳಿದ ಯಾವುದಕ್ಕೂ ಒಂದು ಇತಿಹಾಸವಿರುತ್ತದೆ. ಆ ಇತಿಹಾಸದಲ್ಲಿ ನ್ಯಾಯವೂ ಇರುತ್ತದೆ, ಅನ್ಯಾಯವೂ ಇರುತ್ತದೆ.

ನಾನಿಲ್ಲಿ ಹೇಳಹೊರಟಿರುವುದು ಆ ಕಲೆಯ ಮೊದಲ ಸಾಲಿನ ಕವಿಗಳಲ್ಲೊಬ್ಬನ ಕಥೆ. ಆತನ ಹುಟ್ಟುಹೆಸರು ಕರ್ಟಿಸ್ ಬ್ರೌನ್. ಲೋಕ ಆತನನ್ನು ಬಲ್ಲದ್ದು ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಎಂಬ ಹೆಸರಿನಿಂದ. "ಬಲ್ಲದ್ದು" ಎಂಬ ಮಾತೂ ಪೂರ್ತಿ ನಿಜವಲ್ಲ. ಆತ ಬರೆದ ಸಾಲುಗಳನ್ನು ಕೋಟ್ಯಂತರ ಜನ ಕೇಳಿದ್ದಾರೆ, ಮದುವೆ ಮನೆಗಳಲ್ಲಿ ಕುಣಿದಿದ್ದಾರೆ. ಬರೆದವನು ಯಾರೆಂದು ಬಲ್ಲವರು ಅವರಲ್ಲಿ ತೀರ ಕಡಿಮೆ.

ಉರಿಯುತ್ತಿದ್ದ ಊರು

ನ್ಯೂಯಾರ್ಕ್ ನಗರದ ಐದು ಭಾಗಗಳಲ್ಲಿ ಉತ್ತರದ ತುದಿಯಲ್ಲಿರುವುದು ಬ್ರಾಂಕ್ಸ್. ನಮ್ಮಲ್ಲಿ ಅನೇಕರಿಗೆ ಅದು ಪರಿಚಯವಾದದ್ದು ಮಕ್ಕಳನ್ನು ಕರೆದೊಯ್ದ ಮೃಗಾಲಯದಿಂದ, ಇಲ್ಲವೇ ಕ್ರಾಸ್ ಬ್ರಾಂಕ್ಸ್ ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗಟ್ಟಲೆ ಸಿಕ್ಕಿಬಿದ್ದ ಟ್ರಾಫಿಕ್ಕಿನಿಂದ. ರಾಬರ್ಟ್ ಮೋಸಸ್ ಎಂಬ ಪ್ರಬಲ ಅಧಿಕಾರಿಯ ಯೋಜನೆಯಂತೆ 1948ರಿಂದ 1972ರವರೆಗೆ ಕಟ್ಟಲಾದ ಆ ಹೆದ್ದಾರಿ, ಜನ ತುಂಬಿ ಬಾಳುತ್ತಿದ್ದ ಬಡಾವಣೆಗಳನ್ನು ನಡುವೆ ಸೀಳಿಕೊಂಡು ಹೋಯಿತು. ಸಾವಿರಾರು ಕುಟುಂಬಗಳು ಮನೆ ಕಳೆದುಕೊಂಡವು. ಅನುಕೂಲವಿದ್ದವರು ಉಪನಗರಗಳಿಗೆ ಹೋದರು. ಉಳಿದವರು ಕಪ್ಪು ಜನ, ಪೋರ್ಟೊರಿಕೊದಿಂದ ಬಂದವರು, ಕೆರಿಬಿಯನ್ ದ್ವೀಪಗಳಿಂದ ವಲಸೆ ಬಂದವರು.

ಅನಂತರ ಬೆಂಕಿಯ ಕಾಲ ಬಂತು. ನಗರ ದಿವಾಳಿಯ ಅಂಚಿನಲ್ಲಿತ್ತು. ಅಗ್ನಿಶಾಮಕ ಠಾಣೆಗಳನ್ನು ಮುಚ್ಚಲಾಯಿತು. ಬಾಡಿಗೆ ಹುಟ್ಟದ ಕಟ್ಟಡಗಳನ್ನು ವಿಮೆ ಹಣಕ್ಕಾಗಿ ಮಾಲೀಕರೇ ಸುಡಿಸಿದ್ದುಂಟು. 1970ರಿಂದ 1980ರ ನಡುವೆ ಬ್ರಾಂಕ್ಸ್‌ನ ಏಳು ಜನಗಣತಿ ವಿಭಾಗಗಳಲ್ಲಿ ನೂರಕ್ಕೆ 97ಕ್ಕಿಂತ ಹೆಚ್ಚು ಕಟ್ಟಡಗಳು ಬೆಂಕಿಗೆ ಅಥವಾ ಪಾಳು ಬೀಳುವಿಕೆಗೆ ಬಲಿಯಾದವು. 1977ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಷಾರ್ಲಟ್ ಸ್ಟ್ರೀಟಿಗೆ ಬಂದು, ಇಟ್ಟಿಗೆ ರಾಶಿಗಳ ನಡುವೆ ನಿಂತ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು.

ಎಂ.ಬಿ.ಬಿ.ಎಸ್. ಮುಗಿಸಿ ಈ ದೇಶಕ್ಕೆ ಬಂದ ಭಾರತೀಯ ವೈದ್ಯರಲ್ಲಿ ಬಹಳ ಮಂದಿಗೆ ರೆಸಿಡೆನ್ಸಿ ಸಿಕ್ಕಿದ್ದು ಇಂಥ ಬಡಾವಣೆಗಳ ಆಸ್ಪತ್ರೆಗಳಲ್ಲೇ. ನಾನೂ ಬ್ರಾಂಕ್ಸ್‌ನ ಒಂದು ಆಸ್ಪತ್ರೆಯಲ್ಲಿ ಮೂರು ವರ್ಷ ದುಡಿದವನು. ಹೆದ್ದಾರಿಯ ಹೊಗೆಯ ನಡುವೆ ಬದುಕುವ ಅಲ್ಲಿನ ಜನರಲ್ಲಿ ಉಬ್ಬಸ ಬಹಳ ಹೆಚ್ಚು. ರಾತ್ರಿ ಪಾಳಿಯಲ್ಲಿ ನೆಬ್ಯುಲೈಸರ್ ಹಚ್ಚಿಕೊಂಡು ಕುಳಿತವರ ಜೊತೆ ಮಾತಿಗೆ ಬಿಡುವು ಸಿಗುತ್ತಿತ್ತು. ಐವತ್ತರ ಆಸುಪಾಸಿನ ಒಬ್ಬ ರೋಗಿ, ಉಸಿರು ತಹಬಂದಿಗೆ ಬಂದ ಮೇಲೆ ಆಸ್ಪತ್ರೆಯ ಟಿ.ವಿ.ಯಲ್ಲಿ ಬರುತ್ತಿದ್ದ ಒಂದು ಹಳೆಯ ಹಾಡನ್ನು ತೋರಿಸಿ, "ಡಾಕ್ಟರೇ, ಇದನ್ನು ಬರೆದವನು ಅಲ್ಲಿ ಹಾಡುತ್ತಿರುವವನಲ್ಲ, ನಮ್ಮ ಕೇರಿಯ ಕ್ಯಾಜ್" ಎಂದ. ಆ ಹೆಸರು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ಅಂದಿನಿಂದ ಆತನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ, ಕೇಳುತ್ತ ಬಂದಿದ್ದೇನೆ.

ಎರಡು ತಟ್ಟೆ, ಒಂದು ಮೈಕು

ಹಿಪ್ ಹಾಪ್‌ನ ಜನ್ಮದಿನವೆಂದು ಒಪ್ಪಿಕೊಂಡಿರುವುದು 1973ರ ಆಗಸ್ಟ್ 11. ಬ್ರಾಂಕ್ಸ್‌ನ 1520 ಸೆಡ್ಜ್‌ವಿಕ್ ಅವೆನ್ಯೂ ಎಂಬ ವಸತಿ ಕಟ್ಟಡದ ಸಮುದಾಯ ಕೋಣೆಯಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿ, ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆ ಕೊಳ್ಳಲು ಹಣ ಕೂಡಿಸಲೆಂದು ಒಂದು ಪಾರ್ಟಿ ಇಟ್ಟಳು. ಪ್ರವೇಶಧನ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ರೆಕಾರ್ಡ್ ಹಾಕಿದವನು ಅವಳ ಅಣ್ಣ ಕ್ಲೈವ್, ಅಂದರೆ ಡಿ.ಜೆ. ಕೂಲ್ ಹರ್ಕ್. 1967ರಲ್ಲಿ ಜಮೈಕಾದಿಂದ ವಲಸೆ ಬಂದ ಮನೆತನ ಅವರದು. ನಮ್ಮ ಹಾಗೆಯೇ ಹೊರಗಿನಿಂದ ಬಂದವರು.

ಹಾಡಿನ ನಡುವೆ ಗಾಯನ ನಿಂತು ಬರಿಯ ತಾಳವಾದ್ಯ ಉಳಿಯುವ ಕೆಲವೇ ಕ್ಷಣಗಳಿಗೆ ಜನ ಹೆಚ್ಚು ಉತ್ಸಾಹದಿಂದ ಕುಣಿಯುತ್ತಾರೆ ಎಂಬುದನ್ನು ಹರ್ಕ್ ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ತಟ್ಟೆಗಳನ್ನು ಎರಡು ಟರ್ನ್‌ಟೇಬಲ್ಲುಗಳ ಮೇಲಿಟ್ಟು, ಒಂದರಲ್ಲಿ ಆ ಭಾಗ ಮುಗಿಯುತ್ತಿದ್ದಂತೆ ಇನ್ನೊಂದರಲ್ಲಿ ಶುರುಮಾಡಿ, ಆ ಕ್ಷಣವನ್ನು ಬೇಕಾದಷ್ಟು ಹೊತ್ತು ಹಿಗ್ಗಿಸುವ ಉಪಾಯ ಕಂಡುಕೊಂಡ. ತಾಳದ ಮೇಲೆ ಜನರನ್ನು ಹುರಿದುಂಬಿಸಲು ಮೈಕಿನಲ್ಲಿ ಆಡಿದ ಮಾತುಗಳು ಕ್ರಮೇಣ ಪ್ರಾಸಕ್ಕೆ ಒಗ್ಗಿದವು, ಪದ್ಯವಾದವು. ಹೀಗೆ ಮೈಕು ಹಿಡಿದವನಿಗೆ ಎಂ.ಸಿ. ಎಂಬ ಹೆಸರು ಬಂತು.

ಇದು ನಮಗೆ ತೀರ ಅಪರಿಚಿತವೇನಲ್ಲ. ಉತ್ತರ ಕರ್ನಾಟಕದಲ್ಲಿ ಹರದೇಶಿ, ನಾಗೇಶಿ ಪಂಗಡಗಳ ಲಾವಣಿಕಾರರು ರಾತ್ರಿಯಿಡೀ ಎದುರುಬದುರು ನಿಂತು, ಡಪ್ಪಿನ ತಾಳಕ್ಕೆ ಸವಾಲ್ ಜವಾಬ್ ಹಾಡುವುದನ್ನು ಕೇಳಿದವರಿಗೆ ಬ್ರಾಂಕ್ಸ್‌ನ ಪಾರ್ಕುಗಳಲ್ಲಿ ನಡೆಯುತ್ತಿದ್ದ ಮಾತಿನ ಕಾಳಗದ ಸ್ವಾರಸ್ಯ ಬಹುಬೇಗ ಅರ್ಥವಾದೀತು. ಎರಡು ಕಡೆಯೂ ಆಯುಧ ನಾಲಿಗೆ, ತೀರ್ಪುಗಾರರು ಕೇಳುವ ಜನ.

ನೋಟ್‌ಬುಕ್ಕಿನ ಹುಡುಗ

1960ರ ದಶಕದ ಆರಂಭದಲ್ಲಿ ಬ್ರಾಂಕ್ಸ್‌ನಲ್ಲೇ ಹುಟ್ಟಿದ ಕ್ಯಾಜ್, 1974ರಲ್ಲಿ ಹರ್ಕ್‌ನ ಪಾರ್ಟಿಯೊಂದನ್ನು ಕಂಡು ಈ ಹೊಸ ಹುಚ್ಚಿಗೆ ಬಿದ್ದ. ಲೂಯಿಸ್ ಸೆಡೆನೊ ಎಂಬ ಗೆಳೆಯನೊಡನೆ ತಾನೂ ಡಿ.ಜೆ. ಆದ. ಸೆಡೆನೊ ಇಟ್ಟುಕೊಂಡ ಹೆಸರು ಡಿಸ್ಕೊ ವಿಜ್, ಕ್ಯಾಜ್ ಇಟ್ಟುಕೊಂಡದ್ದು ಕ್ಯಾಸನೋವಾ ಫ್ಲೈ. ಓದುಗರು ಈ ಹೆಸರನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಈ ಕಥೆಯ ಕೀಲಿ ಅದರಲ್ಲೇ ಇದೆ.

ತಟ್ಟೆ ತಿರುಗಿಸುವವನು ಒಬ್ಬ, ಮೈಕಿನಲ್ಲಿ ನುಡಿಯುವವನು ಇನ್ನೊಬ್ಬ ಎಂಬುದು ಆಗಿನ ವಾಡಿಕೆ. ಕ್ಯಾಜ್ ಎರಡನ್ನೂ ಒಟ್ಟಿಗೆ ನಿಭಾಯಿಸಿದ ಮೊದಲಿಗರಲ್ಲೊಬ್ಬ. ಅದಕ್ಕಿಂತ ಮುಖ್ಯವಾಗಿ, ಆತ ಬರೆಯುತ್ತಿದ್ದ. ಬಾಯಿಗೆ ಬಂದ ಪ್ರಾಸ ಹೇಳಿ ಮರೆತುಬಿಡುವ ಕಾಲದಲ್ಲಿ, ನೋಟ್‌ಬುಕ್ ಇಟ್ಟುಕೊಂಡು ಸಾಲು ತಿದ್ದಿ, ಕಥೆ ಹೆಣೆದು, ಒಂದು ನಗೆಯಿಂದ ಇನ್ನೊಂದು ನಗೆಗೆ ಕೇಳುಗನನ್ನು ಒಯ್ಯುವಂತೆ ಪದ್ಯ ಕಟ್ಟುತ್ತಿದ್ದ. ತನ್ನನ್ನು ತಾನೇ ಹೊಗಳಿಕೊಳ್ಳುವುದು ಆ ಪದ್ಯಗಳ ಪದ್ಧತಿ. ಆದರೆ ಬರಿಯ ಬಡಾಯಿ ಬೇಗ ಸಪ್ಪೆಯಾಗುತ್ತದೆ. ಸೂಪರ್‌ಮ್ಯಾನ್‌ನ ಪ್ರೇಯಸಿಯನ್ನೇ ತಾನು ಒಲಿಸಿಕೊಂಡಂತೆ ಕಥೆ ಕಟ್ಟಿ, ಆ ಬಡಾಯಿಗೆ ಹಾಸ್ಯದ ಒಗ್ಗರಣೆ ಹಾಕಿದವನು ಕ್ಯಾಜ್.

1977ರ ಜುಲೈ 13ರ ರಾತ್ರಿ ಸಿಡಿಲು ಬಡಿದು ನ್ಯೂಯಾರ್ಕ್ ನಗರದ ಬಹುಭಾಗ ಕತ್ತಲಲ್ಲಿ ಮುಳುಗಿತು. ಆ ಹೊತ್ತಿಗೆ ಕ್ಯಾಜ್ ಮತ್ತು ವಿಜ್ ಬೀದಿ ದೀಪದ ಕಂಬದಿಂದ ವಿದ್ಯುತ್ತು ಎಳೆದುಕೊಂಡು ಪಾರ್ಕಿನಲ್ಲಿ ಪಾರ್ಟಿ ನಡೆಸುತ್ತಿದ್ದರು. ಊರಿನ ದೀಪವೆಲ್ಲ ಆರಿದ್ದು ತಮ್ಮಿಂದಲೇ ಎಂದು ಹೆದರಿದರಂತೆ. ಆ ರಾತ್ರಿ ಅಂಗಡಿಗಳ ಲೂಟಿ ನಡೆಯಿತು. ತಾನೂ ಒಂದು ಮಿಕ್ಸರ್ ಎತ್ತಿಕೊಂಡು ಬಂದೆನೆಂದು ಕ್ಯಾಜ್ ಎಷ್ಟೋ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಆತನನ್ನು ಸಂತನನ್ನಾಗಿ ಮಾಡುವ ಉದ್ದೇಶ ನನಗಿಲ್ಲ. ಆತನಿಗಾದ ಅನ್ಯಾಯ ಅನ್ಯಾಯವೆನಿಸಲು ಆತ ಸಂತನಾಗಿರಬೇಕಾದ ಅಗತ್ಯವೂ ಇಲ್ಲ.

ಸೇತುವೆಯ ಆಚೆ

ಬ್ರಾಂಕ್ಸ್‌ನಿಂದ ಕ್ರಾಸ್ ಬ್ರಾಂಕ್ಸ್ ಹಿಡಿದು ಜಾರ್ಜ್ ವಾಷಿಂಗ್ಟನ್ ಸೇತುವೆ ದಾಟಿದರೆ, ನ್ಯೂಜೆರ್ಸಿಯ ಇಂಗಲ್‌ವುಡ್ ಕೆಲವೇ ಮೈಲಿ. 1979ರಲ್ಲಿ ಅಲ್ಲಿ ಸಿಲ್ವಿಯಾ ರಾಬಿನ್ಸನ್ ಮತ್ತು ಆಕೆಯ ಗಂಡ ಜೋ ಷುಗರ್ ಹಿಲ್ ರೆಕಾರ್ಡ್ಸ್ ಎಂಬ ಕಂಪನಿ ತೆರೆದರು. ಸಿಲ್ವಿಯಾ ಸ್ವತಃ ಗಾಯಕಿ, 1950ರ ದಶಕದಿಂದ ಹಾಡುತ್ತ ಬಂದವಳು. ಹಾರ್ಲೆಮ್ ವರ್ಲ್ಡ್ ಎಂಬ ಕ್ಲಬ್ಬಿನಲ್ಲಿ ಎಂ.ಸಿ. ಒಬ್ಬ ಜನರನ್ನು ಕುಣಿಸುವುದನ್ನು ಕಂಡು, ಇದನ್ನು ರೆಕಾರ್ಡ್ ಮಾಡಿದರೆ ಮಾರಾಟವಾಗುತ್ತದೆ ಎಂದು ಆಕೆ ಗ್ರಹಿಸಿದಳು. ಹಣವಿದ್ದವರು ಯಾರಿಗೂ ಆಗ ಹೊಳೆಯದ ವಿಚಾರ ಅದು. ಆ ದೂರದೃಷ್ಟಿಯ ಶ್ರೇಯಸ್ಸು ಆಕೆಗೆ ಸಲ್ಲಲೇಬೇಕು.

ಹಾಡುವವರನ್ನು ಹುಡುಕುತ್ತ ಹೊರಟ ರಾಬಿನ್ಸನ್ ಮನೆಯವರಿಗೆ ಇಂಗಲ್‌ವುಡ್‌ನ ಒಂದು ಪಿಟ್ಸಾ ಅಂಗಡಿಯಲ್ಲಿ ಹೆನ್ರಿ ಜಾಕ್ಸನ್ ಎಂಬ ದಢೂತಿ ಯುವಕ ಸಿಕ್ಕಿದ. ಕೆಲಸ ಮಾಡುತ್ತ ಮಾಡುತ್ತ ಟೇಪ್ ಹಾಕಿಕೊಂಡು ಅದರ ಜೊತೆ ತಾನೂ ರ‍್ಯಾಪ್ ಹೇಳುತ್ತಿದ್ದ. ಬ್ರಾಂಕ್ಸ್ ಮೂಲದ ಈ ಜಾಕ್ಸನ್ ಕ್ಯಾಜ್‌ನ ಮ್ಯಾನೇಜರ್. ತಂಡಕ್ಕೆ ಧ್ವನಿವರ್ಧಕ ಸಲಕರಣೆ ಕೊಳ್ಳಲು ಮಾಡಿದ ಸಾಲ ತೀರಿಸಲೆಂದೇ ಪಿಟ್ಸಾ ಅಂಗಡಿ ಸೇರಿದ್ದ ಎನ್ನುತ್ತಾನೆ ಕ್ಯಾಜ್. ಆತ ಸ್ವತಃ ಪದ್ಯ ಕಟ್ಟುವವನಲ್ಲ. "ನೀನು ಹಾಡುತ್ತೀಯಾ?" ಎಂದು ಕೇಳಿದಾಗ, ಹಾಡುವವನು ಬೇರೆ ಇದ್ದಾನೆ ಎಂದು ಹೇಳದೆ ಹ್ಞೂಂ ಎಂದುಬಿಟ್ಟ.

ಅಲ್ಲಿಂದ ನೇರ ಕ್ಯಾಜ್‌ನ ಮನೆಗೆ ಬಂದು, ಪದ್ಯ ಬೇಕು ಎಂದ. ಕ್ಯಾಜ್ ತನ್ನ ನೋಟ್‌ಬುಕ್ಕನ್ನು ಮುಂದಿಟ್ಟು, ಬೇಕಾದ್ದನ್ನು ತೆಗೆದುಕೋ ಎಂದ. ಕಾಗದಪತ್ರವಿಲ್ಲ, ಸಾಕ್ಷಿಯಿಲ್ಲ, ಹಣದ ಮಾತಿಲ್ಲ. ನಮ್ಮವನೊಬ್ಬ ಒಳಗೆ ಹೋದರೆ ನಾಳೆ ನಮಗೂ ಬಾಗಿಲು ತೆರೆದೀತು ಎಂಬ ಸ್ನೇಹದ ನಂಬಿಕೆ ಮಾತ್ರ. ಆಗಿನ್ನೂ ಕ್ಯಾಜ್‌ಗೆ ಹದಿಹರೆಯ ದಾಟುತ್ತಿದ್ದ ವಯಸ್ಸು.

ಜಾಕ್ಸನ್ "ಬಿಗ್ ಬ್ಯಾಂಕ್ ಹ್ಯಾಂಕ್" ಆದ. ಮೈಕೆಲ್ ರೈಟ್ ಮತ್ತು ಗೈ ಓಬ್ರಿಯನ್ ಎಂಬ ಇನ್ನಿಬ್ಬರು "ವಂಡರ್ ಮೈಕ್" ಮತ್ತು "ಮಾಸ್ಟರ್ ಜೀ" ಆದರು. ಮೂವರೂ ಸೇರಿ ಷುಗರ್‌ಹಿಲ್ ಗ್ಯಾಂಗ್. 1979ರ ಸೆಪ್ಟೆಂಬರ್‌ನಲ್ಲಿ ಹೊರಬಂದ "ರ‍್ಯಾಪರ್ಸ್ ಡಿಲೈಟ್" ಹದಿನಾಲ್ಕೂವರೆ ನಿಮಿಷದ ಹಾಡು. ರೆಕಾರ್ಡಿಗೆ ಬಂದ ಮೊಟ್ಟಮೊದಲ ರ‍್ಯಾಪ್ ಅದಲ್ಲ. ಅದೇ ವರ್ಷ ಫ್ಯಾಟ್‌ಬ್ಯಾಕ್ ಎಂಬ ತಂಡದ್ದು ಸ್ವಲ್ಪ ಮೊದಲೇ ಬಂದಿತ್ತು. ಆದರೆ ಜಗತ್ತಿಗೆ ರ‍್ಯಾಪ್ ಎಂದರೇನೆಂದು ತಿಳಿಸಿದ್ದು ಇದೇ. ಬಿಲ್‌ಬೋರ್ಡ್‌ನ ಮುಖ್ಯ ಪಟ್ಟಿಯಲ್ಲಿ 36ನೆಯ ಸ್ಥಾನಕ್ಕೂ, ಬ್ರಿಟನ್ನಿನಲ್ಲಿ 3ನೆಯ ಸ್ಥಾನಕ್ಕೂ ಏರಿತು.

ಸಿಂಪ್ಟಮ್ ಮತ್ತು ಸೈನ್

ವೈದ್ಯಕೀಯ ವಿದ್ಯಾರ್ಥಿಗೆ ಮೊದಲು ಕಲಿಸುವ ಪಾಠಗಳಲ್ಲಿ ಒಂದು, ಸಿಂಪ್ಟಮ್ಮಿಗೂ ಸೈನಿಗೂ ಇರುವ ವ್ಯತ್ಯಾಸ. ರೋಗಿ ತಾನಾಗಿ ಹೇಳಿಕೊಳ್ಳುವುದು ಸಿಂಪ್ಟಮ್: ಹೊಟ್ಟೆನೋವು, ತಲೆಸುತ್ತು. ವೈದ್ಯನೇ ಕಣ್ಣಾರೆ ಕಂಡು, ಕೈಯಾರೆ ಮುಟ್ಟಿ ತಿಳಿಯುವುದು ಸೈನ್: ಹಳದಿ ಕಣ್ಣು, ಊದಿದ ಕಾಲು. "ಆ ಸಾಲು ನನ್ನದು" ಎಂದು ಕ್ಯಾಜ್ ಹೇಳುವುದು ಸಿಂಪ್ಟಮ್; ಯಾರು ಬೇಕಾದರೂ ಹಾಗೆ ಹೇಳಿಕೊಳ್ಳಬಹುದು. ಆದರೆ ಈ ಹಾಡಿನಲ್ಲಿ ಒಂದು ಸೈನ್ ಇದೆ.

ಬಿಗ್ ಬ್ಯಾಂಕ್ ಹ್ಯಾಂಕ್ ತನ್ನ ಸರದಿ ಶುರುಮಾಡಿದಾಗ, ತನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುತ್ತಾನೆ. ಅಕ್ಷರಗಳನ್ನು ಕೂಡಿಸಿ ನೋಡಿದರೆ ಬರುವುದು ಹ್ಯಾಂಕ್ ಅಲ್ಲ, ಹೆನ್ರಿ ಅಲ್ಲ. ಕ್ಯಾಸನೋವಾ, ಹಿಂದೆಯೇ ಫ್ಲೈ! ನೋಟ್‌ಬುಕ್ಕಿನಲ್ಲಿದ್ದುದನ್ನು ಇದ್ದ ಹಾಗೆಯೇ ಓದಿಬಿಟ್ಟಿದ್ದಾನೆ. ಬರೆದವನ ಹೆಸರನ್ನು ತೆಗೆದು ತನ್ನ ಹೆಸರು ಹಾಕಿಕೊಳ್ಳುವಷ್ಟು ಪ್ರಾಸದ ಕಸುಬೂ ಆತನಿಗೆ ಇರಲಿಲ್ಲ. ಹಾಗಾಗಿ ಇಂದಿಗೂ, ಜಗತ್ತಿನ ಯಾವ ಮೂಲೆಯಲ್ಲಿ ಆ ಹಾಡು ಕೇಳಿಬಂದರೂ, ನಿಜವಾದ ಕವಿಯ ಹೆಸರು ಇನ್ನೊಬ್ಬನ ಬಾಯಿಂದ ಹೊರಡುತ್ತಲೇ ಇದೆ.

ಕನ್ನಡಿಗರಿಗೆ ಇದು ಒಡನೆಯೇ ಮನಸ್ಸಿಗೆ ತಟ್ಟಬೇಕಾದ ಸಂಗತಿ. ನಮ್ಮ ವಚನಕಾರರು ಮತ್ತು ದಾಸರು ಪ್ರತಿಯೊಂದು ರಚನೆಯಲ್ಲೂ ಅಂಕಿತ ಇಟ್ಟರು. ಕೂಡಲಸಂಗಮದೇವ ಎಂದೊಡನೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕಮಹಾದೇವಿ, ಪುರಂದರವಿಠಲ ಎಂದೊಡನೆ ಪುರಂದರದಾಸರು. ಅವರು ಇಟ್ಟದ್ದು ತಮ್ಮ ಹೆಸರಲ್ಲ, ಇಷ್ಟದೈವದ ಹೆಸರು. ಕ್ಯಾಜ್ ಇಟ್ಟದ್ದು ತನ್ನದೇ ಬಡಾಯಿಯ ಹೆಸರು. ಭಾವ ಬೇರೆ, ನಿಜ. ಆದರೆ ಕೆಲಸ ಒಂದೇ. ಓಲೆಗರಿಯಿಂದ ಓಲೆಗರಿಗೆ, ಬಾಯಿಂದ ಬಾಯಿಗೆ ಶತಮಾನಗಳ ಕಾಲ ಸಾಗಿಬಂದ ಮಾತಿನಲ್ಲಿ ಯಾರದು ಯಾವುದು ಎಂದು ವಿದ್ವಾಂಸರು ಬೇರ್ಪಡಿಸಲು ಸಾಧ್ಯವಾದದ್ದು ಬಹುಮಟ್ಟಿಗೆ ಅಂಕಿತದ ಬಲದಿಂದ. ಬ್ರಾಂಕ್ಸ್‌ನ ಹುಡುಗನಿಗೆ ನಮ್ಮ ಅಂಕಿತದ ಸುದ್ದಿ ತಿಳಿದಿರಲಿಲ್ಲ. ಬಾಯಿಮಾತಿನ ಕವಿಗೆ ಎಲ್ಲೆಡೆಯೂ ಒಂದೇ ಭಯ, ಆದ್ದರಿಂದ ಒಂದೇ ಉಪಾಯ.

ಕಾನೂನು ಏನು ಹೇಳುತ್ತದೆ?

ಆ ಹಾಡಿನ ಸಂಗೀತವೂ ಸ್ವಂತದ್ದಾಗಿರಲಿಲ್ಲ. ಅದೇ ಬೇಸಿಗೆಯಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ್ದ, ಷೀಕ್ ತಂಡದ "ಗುಡ್ ಟೈಮ್ಸ್" ಹಾಡಿನ ನಡೆಯನ್ನು ಸ್ಟುಡಿಯೋ ವಾದಕರು ಮತ್ತೆ ನುಡಿಸಿದ್ದರು. ಷೀಕ್‌ನ ನೈಲ್ ರಾಜರ್ಸ್ ಮತ್ತು ಬರ್ನಾರ್ಡ್ ಎಡ್ವರ್ಡ್ಸ್ ವಕೀಲರ ಮೂಲಕ ಎಚ್ಚರಿಕೆ ಕೊಟ್ಟರು. ಕೃತಿಕಾರರ ಪಟ್ಟಿಯಲ್ಲಿ ಅವರ ಹೆಸರು ಸೇರಿತು. ಅದು ನ್ಯಾಯವೇ. ಒಂದೇ ಹಾಡಿನಲ್ಲಿ ರಾಗದ ಒಡೆಯರಿಗೆ ಪಾಲು ದೊರಕಿತು, ಮಾತಿನ ಒಡೆಯನಿಗೆ ಇಲ್ಲ. ವ್ಯತ್ಯಾಸವಿದ್ದದ್ದು ಪ್ರತಿಭೆಯಲ್ಲಲ್ಲ, ಅವರ ಹಿಂದೆ ಕಂಪನಿ, ವಕೀಲರು, ದಾಖಲೆ ಇದ್ದವು, ಇವನ ಹಿಂದೆ ಒಂದು ನೋಟ್‌ಬುಕ್ ಇತ್ತು.

ವಿಪರ್ಯಾಸವೆಂದರೆ ಕಾನೂನು ನೋಟ್‌ಬುಕ್ಕಿನ ಪರವಾಗಿಯೇ ಇತ್ತು. ಅಮೆರಿಕದ 1976ರ ಹಕ್ಕುಸ್ವಾಮ್ಯ ಕಾಯ್ದೆ ಜಾರಿಗೆ ಬಂದದ್ದು 1978ರ ಜನವರಿ 1ರಂದು. ಅದರ ಪ್ರಕಾರ, ಕೃತಿ ಕಾಗದದ ಮೇಲೆ ಮೂಡಿದ ಕ್ಷಣದಿಂದಲೇ ಬರೆದವನಿಗೆ ಹಕ್ಕು ಹುಟ್ಟುತ್ತದೆ, ಪ್ರಕಟವಾಗಿರಬೇಕೆಂಬ ನಿಯಮವಿಲ್ಲ. ಬಳಸಿಕೊಳ್ಳಲು ಅನುಮತಿಯನ್ನು ಬಾಯಿಮಾತಿನಲ್ಲಿ ಕೊಡಬಹುದು, ಆದರೆ ಒಡೆತನ ಬಾಯಿಮಾತಿನಲ್ಲಿ ಕೈಬದಲಾಗದು. ಸಹಿ ಮಾಡಿದ ಬರಹ ಬೇಕು. "ಬೇಕಾದ್ದು ತೆಗೆದುಕೋ" ಎಂದವನು ಸಾಲು ಬಳಸಲು ಬಿಟ್ಟಿರಬಹುದು, "ಇದನ್ನು ಬರೆದವನು ನೀನೇ ಎಂದು ಹೇಳಿಕೋ" ಎಂದಿರಲಿಲ್ಲ. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾದರೆ ಕೃತಿಯನ್ನು ನೋಂದಾಯಿಸಿರಬೇಕು, ಮೂರು ವರ್ಷದ ಗಡುವಿನೊಳಗೆ ದಾವೆ ಹೂಡಬೇಕು. ಕೇರಿಯ ಹುಡುಗನಿಗೆ ಇದನ್ನೆಲ್ಲ ಹೇಳಿಕೊಡುವವರು ಯಾರು? ಕ್ಯಾಜ್‌ಗೆ ಆ ಹಾಡಿನಿಂದ ಹಣವೂ ಬರಲಿಲ್ಲ, ಕೃತಿಕಾರರ ಪಟ್ಟಿಯಲ್ಲಿ ಹೆಸರೂ ಬರಲಿಲ್ಲ.

ಪಾರ್ಕಿನಲ್ಲಿ ಹಾಡುತ್ತಿದ್ದ ಪ್ರಾಸಗಳೆಲ್ಲ ಆಗ ಸಾಮೂಹಿಕ ಸೊತ್ತು, ಯಾರು ಬೇಕಾದರೂ ಬಳಸುತ್ತಿದ್ದರು ಎಂಬ ಸಮಾಧಾನದ ಮಾತೊಂದಿದೆ. ಎಲ್ಲರ ಬಾಯಲ್ಲೂ ಓಡಾಡುತ್ತಿದ್ದ ಕೆಲವು ಪಲ್ಲವಿಗಳ ಮಟ್ಟಿಗೆ ಅದು ನಿಜ. ಆದರೆ ಒಬ್ಬನು ಕಟ್ಟಿದ ಪದ್ಯವನ್ನು ಇನ್ನೊಬ್ಬ ಕದ್ದು ಹೇಳಿದರೆ ಆ ಕೇರಿಯಲ್ಲಿ ಅದಕ್ಕೆ "ಬೈಟಿಂಗ್" ಎಂಬ ಹೆಸರಿತ್ತು, ಅದಕ್ಕಿಂತ ದೊಡ್ಡ ಅವಮಾನ ಇರಲಿಲ್ಲ. ಅಂದರೆ ಕಾನೂನು ಪುಸ್ತಕ ಓದದ ಹುಡುಗರಿಗೂ ಮಾತಿಗೆ ಒಡೆಯನಿದ್ದಾನೆ ಎಂಬ ಅರಿವಿತ್ತು. ನಮ್ಮ ಬೀಸುವ ಪದ, ಕುಟ್ಟುವ ಪದಗಳನ್ನು ಕಟ್ಟಿದ ಹೆಣ್ಣುಮಕ್ಕಳು ಅಂಕಿತ ಇಡಲಿಲ್ಲ. ಹಲಸಂಗಿಯ ಗೆಳೆಯರು ಆ ಹಾಡುಗಳನ್ನು ಸಂಗ್ರಹಿಸಿ ಉಳಿಸಿದ ಉಪಕಾರ ದೊಡ್ಡದು. ಆದರೆ ಆ ಹೊತ್ತಿಗೆ ಕಟ್ಟಿದವರ ಹೆಸರು ಅಳಿಸಿಹೋಗಿತ್ತು. ಜನಪದ ಎಂಬ ಗೌರವದ ಮಾತಿನ ಹಿಂದೆ ಹೀಗೆ ಎಷ್ಟು ಮಂದಿ ಕವಯಿತ್ರಿಯರು ಅಡಗಿದ್ದಾರೋ!

ಸೋತರೂ ಗೆದ್ದ ತಂಡ

ಇಷ್ಟಕ್ಕೆ ಮುಗಿದಿದ್ದರೆ ಇದು ಮೋಸಹೋದವನ ಗೋಳಿನ ಕಥೆಯಾಗುತ್ತಿತ್ತು. ಕ್ಯಾಜ್ ಬರೆಯುವುದನ್ನು ಬಿಡಲಿಲ್ಲ. ಟೋನಿ ಟೋನ್ ಮತ್ತು ಪೋರ್ಟೊರಿಕೊ ಮೂಲದ ಡಿ.ಜೆ. ಚಾರ್ಲಿ ಚೇಸ್, ಎಂ.ಸಿ.ಗಳಾದ ಈಜಿ ಎ.ಡಿ., ಕೇ ಜೀ, ಜೆ.ಡಿ.ಎಲ್. ಇವರೊಡನೆ ಕೋಲ್ಡ್ ಕ್ರಶ್ ಬ್ರದರ್ಸ್ ತಂಡದಲ್ಲಿ ಆತನ ಪ್ರತಿಭೆ ಪೂರ್ತಿ ಅರಳಿತು. ನಾಲ್ವರು ಎಂ.ಸಿ.ಗಳು ಒಬ್ಬರ ಸಾಲನ್ನು ಇನ್ನೊಬ್ಬರು ಎತ್ತಿಕೊಂಡು, ಜನಪ್ರಿಯ ಹಾಡುಗಳ ಧಾಟಿಗೆ ಹೊಸ ಮಾತು ಕೂಡಿಸಿ, ನಾಟಕದಂತೆ ಅಭಿನಯಿಸಿ ಹಾಡುವ ಪದ್ಧತಿಯನ್ನು ಅವರು ಬೆಳೆಸಿದರು. ಅದರ ಹಿಂದಿನ ಮುಖ್ಯ ಲೇಖನಿ ಕ್ಯಾಜ್‌ನದು.

1981ರ ಜುಲೈನಲ್ಲಿ ಹಾರ್ಲೆಮ್ ವರ್ಲ್ಡ್ ಕ್ಲಬ್ಬಿನಲ್ಲಿ ಅವರಿಗೂ ಫೆಂಟಾಸ್ಟಿಕ್ ಫೈವ್ ತಂಡಕ್ಕೂ ನಡೆದ ಸ್ಪರ್ಧೆ ಹಿಪ್ ಹಾಪ್ ಚರಿತ್ರೆಯ ಪ್ರಸಿದ್ಧ ಘಟನೆ. ಅಂದಿನ ಸಭಿಕರ ಕೂಗಾಟದ ಲೆಕ್ಕದಲ್ಲಿ ಕೋಲ್ಡ್ ಕ್ರಶ್ ಸೋತಿತು. ಆದರೆ ಆ ರಾತ್ರಿಯ ಧ್ವನಿಸುರುಳಿ ಕೈಯಿಂದ ಕೈಗೆ ಹರಡಿತು. ಸಭೆಯ ಗದ್ದಲದಿಂದ ದೂರ ಕುಳಿತು ಕೇಳಿದವರು, ಪದ್ಯದಲ್ಲಿ ಗೆದ್ದವರು ಕೋಲ್ಡ್ ಕ್ರಶ್ ಎಂದೇ ತೀರ್ಮಾನಿಸಿದರು. ಕ್ವೀನ್ಸ್‌ನಲ್ಲಿ ಆ ಧ್ವನಿಸುರುಳಿಗಳನ್ನು ಕೇಳಿ ಕಲಿತ ಹುಡುಗರಲ್ಲಿ, ಮುಂದೆ ರನ್ ಡಿ.ಎಂ.ಸಿ. ತಂಡದಿಂದ ಜಗತ್ಪ್ರಸಿದ್ಧನಾದ ಡ್ಯಾರಿಲ್ ಮೆಕ್‌ಡ್ಯಾನಿಯಲ್ಸ್ ಒಬ್ಬ. 1983ರ "ವೈಲ್ಡ್ ಸ್ಟೈಲ್" ಚಲನಚಿತ್ರದಲ್ಲಿ ಈ ಎರಡು ತಂಡಗಳು ಬ್ಯಾಸ್ಕೆಟ್‌ಬಾಲ್ ಮೈದಾನದಲ್ಲಿ ಪ್ರಾಸದಲ್ಲೇ ಜಗಳವಾಡುವ ದೃಶ್ಯವಿದೆ. ಕ್ಯಾಜ್‌ನ ಯೌವನದ ವರ್ಚಸ್ಸನ್ನು ಕಾಣಬಯಸುವವರು ಅದನ್ನು ನೋಡಬೇಕು.

ಆದರೆ ಕೋಲ್ಡ್ ಕ್ರಶ್ ವೇದಿಕೆಯ ತಂಡ. 1984ರ "ಫ್ರೆಶ್, ವೈಲ್ಡ್, ಫ್ಲೈ ಅಂಡ್ ಬೋಲ್ಡ್" ಸೇರಿ ಕೆಲವೇ ರೆಕಾರ್ಡುಗಳು ಬಂದವು. ಅಷ್ಟರಲ್ಲಿ ಕಲೆ ಪಾರ್ಕಿನಿಂದ ಸ್ಟುಡಿಯೋಗೆ ಸ್ಥಳಾಂತರವಾಗಿತ್ತು. ಅವರಿಂದ ಕಲಿತವರು ಅವರನ್ನು ದಾಟಿ ಹೋದರು. ದಾಟಿ ಹೋದವರಲ್ಲಿ ಕೆಲವರು ಮಾತ್ರ ಮರೆಯಲಿಲ್ಲ. 2001ರಲ್ಲಿ ಜೇ ಜೀ ತನ್ನ ಹೆಸರಾಂತ ಹಾಡೊಂದರಲ್ಲಿ, ಕೋಲ್ಡ್ ಕ್ರಶ್‌ಗೆ ಸಂಗೀತ ಉದ್ಯಮ ಮಾಡಿದ ಅನ್ಯಾಯಕ್ಕೆ ತಾನು ದುಬಾರಿ ಬೆಲೆ ವಸೂಲಿ ಮಾಡುತ್ತಿದ್ದೇನೆ ಎಂಬ ಅರ್ಥದ ಮಾತು ಸೇರಿಸ್ದ.

ಕ್ಯಾಜ್ ನಡೆದದ್ದನ್ನೆಲ್ಲ "ಎಂ.ಸಿ. ಡಿಲೈಟ್" ಎಂಬ ಹಾಡಿನಲ್ಲಿ ತಾನೇ ಹೇಳಿದ. ಐಸ್ ಟೀ ನಿರ್ದೇಶನದಲ್ಲಿ ಪಾಲ್ಗೊಂಡ 2012ರ "ದಿ ಆರ್ಟ್ ಆಫ್ ರ‍್ಯಾಪ್" ಸಾಕ್ಷ್ಯಚಿತ್ರದಲ್ಲಿ, ಪದ್ಯ ಕಟ್ಟುವ ಕಸುಬನ್ನು ಗುರುವಿನಂತೆ ವಿವರಿಸಿದ. 2015ರಲ್ಲಿ ಮ್ಯಾಕ್ಲಮೋರ್ ಎಂಬ ಯುವ ಗಾಯಕ "ಡೌನ್‌ಟೌನ್" ಹಾಡಿಗೆ ಕ್ಯಾಜ್, ಮೆಲಿ ಮೆಲ್, ಕೂಲ್ ಮೋ ಡೀ ಎಂಬ ಮೂವರು ಹಿರಿಯರನ್ನು ಕರೆದಾಗ, ಮೊಮ್ಮಕ್ಕಳ ವಯಸ್ಸಿನವರು ಮೊದಲ ಬಾರಿಗೆ ಆತನ ದನಿ ಕೇಳಿದರು. ನ್ಯೂಯಾರ್ಕಿಗೆ ಬರುವ ಪ್ರವಾಸಿಗರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಸೆಡ್ಜ್‌ವಿಕ್ ಅವೆನ್ಯೂ ಮೊದಲಾದ ಸ್ಥಳಗಳನ್ನು ತೋರಿಸುವ ಹಿಪ್ ಹಾಪ್ ಪ್ರವಾಸಗಳಲ್ಲಿ ಮಾರ್ಗದರ್ಶಿಯಾಗಿಯೂ ವರ್ಷಗಟ್ಟಲೆ ದುಡಿದಿದ್ದಾನೆ. ಚರಿತ್ರೆ ತನ್ನ ಹೆಸರು ಬಿಟ್ಟರೆ, ಆ ಚರಿತ್ರೆಯನ್ನು ತಾನೇ ಹೇಳುತ್ತೇನೆ ಎಂಬ ಹಟ ಅದು.

2011ರ ಸಾಲಿನಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ "ರ‍್ಯಾಪರ್ಸ್ ಡಿಲೈಟ್" ಹಾಡನ್ನು ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸಿಲ್ವಿಯಾ ರಾಬಿನ್ಸನ್ ತೀರಿಕೊಂಡಳು. 2014ರ ನವೆಂಬರ್‌ನಲ್ಲಿ ಬಿಗ್ ಬ್ಯಾಂಕ್ ಹ್ಯಾಂಕ್ ಕ್ಯಾನ್ಸರ್‌ನಿಂದ ಸತ್ತ. ಹ್ಯಾಂಕ್‌ನ ಜೊತೆಗಾರರ ಗತಿಯೂ ಸುಖದ್ದಾಗಿರಲಿಲ್ಲ. ತಾವು ಹಾಡಿ ಪ್ರಸಿದ್ಧಗೊಳಿಸಿದ ತಂಡದ ಹೆಸರನ್ನು ಬಳಸುವ ಹಕ್ಕಿಗಾಗಿ ವಂಡರ್ ಮೈಕ್ ಮತ್ತು ಮಾಸ್ಟರ್ ಜೀ ವರ್ಷಗಳ ಕಾಲ ಹೋರಾಡಬೇಕಾಯಿತು. ಅವರ ಬಗ್ಗೆ 2011ರಲ್ಲಿ ಬಂದ ಸಾಕ್ಷ್ಯಚಿತ್ರದ ಹೆಸರಿನ ಅರ್ಥವೇ "ನನ್ನ ಹೆಸರು ನನಗೆ ಬೇಕು" ಎಂದು. ಹೆಸರಿನ ಲೆಕ್ಕ ತಪ್ಪಿದಲ್ಲಿ ಗೆದ್ದವರಿಗೂ ನೆಮ್ಮದಿ ಇರುವುದಿಲ್ಲ.

ನಮ್ಮ ವೇದಿಕೆಯ ಮಾತು

ಬ್ರಾಂಕ್ಸ್‌ನ ಧ್ವನಿಸುರುಳಿಗಳು ಕೈಯಿಂದ ಕೈಗೆ ಓಡಾಡುತ್ತಿದ್ದ ಅದೇ ಕಾಲದಲ್ಲಿ, 1978ರಲ್ಲಿ, ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿ "ನಿತ್ಯೋತ್ಸವ" ಹೊರಬಂತು. ರಾಗ ಹಾಕಿದವರು ಮೈಸೂರು ಅನಂತಸ್ವಾಮಿಯವರು, ಬರೆದವರು ಕೆ.ಎಸ್. ನಿಸಾರ್ ಅಹಮದ್ ಅವರು. ಈ ದೇಶಕ್ಕೆ ಬಂದ ಎಷ್ಟೋ ಕನ್ನಡಿಗರ ಸೂಟ್‌ಕೇಸಿನಲ್ಲಿ ಅದೂ ಬಂತು. 2020ರಲ್ಲಿ ನಿಸಾರರು ತೀರಿಕೊಂಡಾಗ ಲೋಕದ ಕನ್ನಡಿಗರೆಲ್ಲ ಅವರನ್ನು "ನಿತ್ಯೋತ್ಸವದ ಕವಿ" ಎಂದೇ ನೆನೆದರು. ಹಾಡಿನ ಜೊತೆ ಹೆಸರು ಉಳಿದರೆ ಹೀಗಿರುತ್ತದೆ.

ಆದರೆ ನಮ್ಮ ಕೂಟಗಳ ವೇದಿಕೆಯಲ್ಲಿ ಸಾಮಾನ್ಯವಾಗಿ ನಡೆಯುವುದೇನು? ನಿರೂಪಕರು ಹಾಡುವವರ ಹೆಸರು ಹೇಳುತ್ತಾರೆ, ಕೀಬೋರ್ಡ್ ನುಡಿಸುವವರ ಹೆಸರು ಹೇಳುತ್ತಾರೆ, ಕೆಲವು ಬಾರಿ ರಾಗ ಹಾಕಿದವರ ಹೆಸರೂ ಬರುತ್ತದೆ. ಬರೆದವರ ಹೆಸರು ಮಾತ್ರ ಚಪ್ಪಾಳೆಯಲ್ಲಿ ಮುಚ್ಚಿಹೋಗುತ್ತದೆ. ಊರಿನಲ್ಲಿ ಒಬ್ಬರು ಮರೆತರೆ ಇನ್ನೊಬ್ಬರು ನೆನಪಿಸುತ್ತಾರೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಬೇಂದ್ರೆ, ಕೆ.ಎಸ್.ನ. ಎಂಬ ಹೆಸರುಗಳು ಕಿವಿಗೆ ಬೀಳುವುದು ಇಂಥ ಒಂದೆರಡು ಸಂಜೆಗಳಲ್ಲಿ ಮಾತ್ರ. ಆ ಸಂಜೆಯೂ ಹೇಳದಿದ್ದರೆ, ಇನ್ನೊಂದು ತಲೆಮಾರಿಗೆ ಹಾಡು ಉಳಿದು ಕವಿ ಇಲ್ಲವಾಗುತ್ತಾನೆ. ನಮ್ಮಲ್ಲಿ ಯಾರೂ ಕದಿಯುವವರಿಲ್ಲ, ನಿಜ. ಆದರೆ ಹೆಸರು ಕಳೆದುಹೋಗುವುದಕ್ಕೆ ಕಳ್ಳನೇ ಬೇಕೆಂದಿಲ್ಲ. ಹೇಳುವವರು ಸುಮ್ಮನಿದ್ದರೂ ಸಾಕು.

ಆದ್ದರಿಂದ ಸಂಸ್ಥಾಪನಾ ದಿನದ ಸಂತೋಷದಲ್ಲಿ ನನ್ನದು ಎರಡೇ ವಿನಂತಿ. ಮೊದಲನೆಯದು, ಇನ್ನು ಮೇಲೆ ನಮ್ಮ ವೇದಿಕೆಯಲ್ಲಿ ಪ್ರತಿ ಹಾಡಿಗೂ ಮೊದಲು ಬರೆದವರ ಹೆಸರು ಹೇಳುವ ಪದ್ಧತಿ ಇಟ್ಟುಕೊಳ್ಳೋಣ. ಅರ್ಧ ನಿಮಿಷವೂ ಹಿಡಿಯದ ಕೆಲಸ. ಎರಡನೆಯದು, ನಿಮ್ಮ ಮಗನೋ ಮಗಳೋ ಬಾಗಿಲು ಹಾಕಿಕೊಂಡು ನೋಟ್‌ಬುಕ್ಕಿನಲ್ಲೋ ಫೋನಿನಲ್ಲೋ ಪ್ರಾಸ ಗೀಚುತ್ತಿದ್ದರೆ, ಕನ್ನಡದಲ್ಲಿರಲಿ ಇಂಗ್ಲಿಷಿನಲ್ಲಿರಲಿ, ಇದೇನು ಗದ್ದಲ ಎಂದು ಗದರಿಸುವ ಮುಂಚೆ ಒಮ್ಮೆ ಓದಿಸಿ ಕೇಳಿ. ಚೆನ್ನಾಗಿದ್ದರೆ ಚೆನ್ನಾಗಿದೆ ಎನ್ನಿ. ಆಮೇಲೆ, ಕೆಳಗೆ ಹೆಸರು ಬರೆದು ತಾರೀಖು ಹಾಕಿಡು ಎಂದು ಹೇಳುವುದನ್ನು ಮರೆಯಬೇಡಿ.